ಕಾನಮ್‌ನಲ್ಲಿ ಓದಿದ ಚೋಮಾ

ಇಲ್ಲಿ ಘಾಜಿಯಾಬಾದಿನಲ್ಲಿ ಲಾಂಗ್ ವೀಕೆಂಡ್ ಬಂತೆಂದರೆ ಅಪಾರ್ಟ್‌ಮೆಂಟಿನ ಅರ್ಧ ಜನ ಬೆಟ್ಟ ಹತ್ತುತ್ತಾರೆ. ನಾವು ನಾಲ್ವರು ಶಿಮ್ಲಾ, ರಾಮಪುರ ದಾಟಿ ಸ್ಪಿತಿಗೆ ಹೊರಟಿದ್ದೆವು. ಪಿನ್ ಕಣಿವೆ 1987ರಿಂದ ರಾಷ್ಟ್ರೀಯ ಉದ್ಯಾನ; 2009ರಿಂದ ಸುತ್ತಲಿನ ಸೀಮೆಯೂ ಶೀತ ಮರುಭೂಮಿ ಜೀವಗೋಳ ಮೀಸಲು. ಮಳೆಯಿಲ್ಲ, ಮರವಿಲ್ಲ, ಬೋಳು ಬೆಟ್ಟ, ನಡುವೆ ಒಣ ಕಣಿವೆ. ಅದಕ್ಕೂ ಮೊದಲು ಕಿನ್ನೌರಿನಲ್ಲಿ ಸಟ್ಲೆಜ್ ಮೇಲಿನ ಎತ್ತರದಲ್ಲಿ ಕಾನಮ್ ಎಂಬ ಹಳ್ಳಿ ಸಿಗುತ್ತದೆ. ಗೆಳೆಯರು ಬೇಡವೆಂದರೂ ಕಾರು ನಿಲ್ಲಿಸಿದೆ, ಒಬ್ಬ ಹಂಗೇರಿಯವನ ಸಲುವಾಗಿ.

ಅಲೆಕ್ಸಾಂಡರ್ ಚೋಮಾ ಹುಟ್ಟಿದ್ದು 1784ರಲ್ಲಿ, ಈಗ ರೊಮೇನಿಯಾದಲ್ಲಿರುವ ಟ್ರಾನ್ಸಿಲ್ವೇನಿಯಾದ ಹಳ್ಳಿಯಲ್ಲಿ. ತನ್ನ ಜನರ ಮೂಲ ಮಧ್ಯ ಏಷ್ಯಾದಲ್ಲಿದೆ ಎಂದು ನಂಬಿ 1819ರಲ್ಲಿ ಊರು ಬಿಟ್ಟ. ಬಹುಪಾಲು ಕಾಲ್ನಡಿಗೆ. ಬುಖಾರಾ, ಕಾಬೂಲ್, ಲಾಹೋರ್ ಹಾದು 1822ರಲ್ಲಿ ಲೇಹ್ ಸೇರಿದ. ಮುಂದೆ ಯಾರ್ಕಂಡ್‌ಗೆ ದಾರಿ ಸಿಗಲಿಲ್ಲ. ಹಿಂದಿರುಗುವಾಗ ಸಿಕ್ಕ ವಿಲಿಯಂ ಮೂರ್‌ಕ್ರಾಫ್ಟ್ ಎಂಬ ಇಂಗ್ಲಿಷ್ ಪಶುವೈದ್ಯ ಟಿಬೆಟನ್ ಭಾಷೆ ಕಲಿಯಲು ಹುರಿದುಂಬಿಸಿದ. ಬ್ರಿಟಿಷರಿಗೂ ಆ ಭಾಷೆ ಬೇಕಾಗಿತ್ತು ಅನ್ನಿ.

1823ರಲ್ಲಿ ಜನ್ಸ್ಕಾರಿನ ಜಂಗ್ಲಾ. ಒಂಬತ್ತಡಿ ಚೌಕದ ಕೋಣೆಯಲ್ಲಿ ಲಾಮಾ ಸಂಗ್ಯೆ ಫುಂತ್ಸೋಗ್ ಜೊತೆ ಹದಿನಾರು ತಿಂಗಳು. ಚಳಿಗಾಲದಲ್ಲೂ ಬೆಂಕಿಯಿಲ್ಲ. ಕುರಿತೊಗಲು ಹೊದ್ದು ಓದು. ಪುಟ ತಿರುಗಿಸಲು ಕೈ ಹೊರಗೆ ತೆಗೆಯುವುದೇ ಕಷ್ಟವಾಗಿತ್ತಂತೆ. ಕೆಳಗಿಳಿದು ಸಬಾಥುಗೆ ಬಂದರೆ ಗೂಢಚಾರನಿರಬಹುದೆಂಬ ಅನುಮಾನ! ತಿಂಗಳುಗಟ್ಟಲೆ ಅಲ್ಲೇ ಕಾದ. ಆಮೇಲೆ ಸರ್ಕಾರವೇ ತಿಂಗಳಿಗೆ 50 ರೂಪಾಯಿ ಕೊಟ್ಟಿತು.

1827ರಿಂದ ಮೂರು ವರ್ಷ ಕಾನಮ್‌ನಲ್ಲಿ. ಇಲ್ಲಿನ ಮಠದಲ್ಲಿದ್ದ ಬೌದ್ಧ ಗ್ರಂಥರಾಶಿಯೇ ಅವನ ಆಸ್ತಿ, ಬೆಣ್ಣೆ ಚಹಾವೇ ಊಟ. ನೋಡಲು ಬಂದ ಡಾಕ್ಟರ್ ಜೆರಾರ್ಡ್ ಬಟ್ಟೆಬರೆ ಕೊಡಹೋದರೆ ಹೆಚ್ಚಿನದನ್ನು ಹಿಂದಿರುಗಿಸಿದ. ಅವನ ಟಿಬೆಟನ್ ನಿಘಂಟು, ವ್ಯಾಕರಣ ಎರಡೂ 1834ರಲ್ಲಿ ಕಲ್ಕತ್ತದಲ್ಲಿ ಅಚ್ಚಾದವು. ನಮ್ಮ ಕಿಟೆಲ್ ನಿಘಂಟು ಮಂಗಳೂರಿನಲ್ಲಿ ಹೊರಬರುವುದಕ್ಕೆ ಅರವತ್ತು ವರ್ಷ ಮೊದಲು.

ಹುಡುಕಿ ಹೊರಟದ್ದು ಮಾತ್ರ ಸಿಗಲಿಲ್ಲ. ಹಂಗೇರಿಯನ್ನಿನ ನಂಟು ಉರಲ್ ಕಡೆಯ ಭಾಷೆಗಳೊಂದಿಗೆ ಎನ್ನುತ್ತಾರೆ ಭಾಷಾತಜ್ಞರು. 1842ರಲ್ಲಿ, ಐವತ್ತೆಂಟರ ಹತ್ತಿರದ ವಯಸ್ಸಿನಲ್ಲಿ, ಲಾಸಾಗೆ ಹೊರಟ. ತರಾಯಿಯಲ್ಲಿ ಜ್ವರ ಹತ್ತಿತು. ಏಪ್ರಿಲ್ 11ರಂದು ಡಾರ್ಜಿಲಿಂಗಿನಲ್ಲಿ ತೀರಿಕೊಂಡ. ಸಮಾಧಿ ಅಲ್ಲಿಯ ಹಳೆಯ ಸ್ಮಶಾನದಲ್ಲಿದೆ.

ಕಾನಮ್‌ನಲ್ಲಿ ನಾವಿದ್ದದ್ದು ಒಂದೂವರೆ ಗಂಟೆ. ನೆಟ್‌ವರ್ಕ್ ಸಿಗಲಿಲ್ಲವೆಂದು ಗೆಳೆಯರು ಗೊಣಗುತ್ತಲೇ ಇದ್ದರು.