ಮಿನುಗುತಾರೆ ಕಲ್ಪನಾ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರು ಎಳೆಯುವುದಷ್ಟೇ ಅಲ್ಲ, ನಾಟಕ ನೋಡುವುದೂ ಹೌದು. ಸುಗ್ಗಿ ಮುಗಿದ ಬಳಿಕ ಊರ ಹೊರಗಿನ ಬಯಲಿನಲ್ಲಿ ನಾಟಕ ಮಂಡಳಿ ಬೀಡುಬಿಟ್ಟಿತೆಂದರೆ, ಸುತ್ತಣ ಹಳ್ಳಿಗಳ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು. ಏಣಗಿ ಬಾಳಪ್ಪನವರಂಥ ಹಿರಿಯ ನಟರನ್ನು ನಾಡಿಗೆ ಕೊಟ್ಟ ಸೀಮೆಯಿದು. ಕನ್ನಡ ಚಲನಚಿತ್ರರಂಗದಲ್ಲಿ ಮಿನುಗುತಾರೆಯೆಂದು ಹೆಸರಾದ ಕಲ್ಪನಾ ತಮ್ಮ ಬಾಳಿನ ಕೊನೆಯ ದಿನಗಳಲ್ಲಿ ಬಂದು ಸೇರಿದ್ದು ಇಂಥ ಊರೂರು ತಿರುಗುವ ರಂಗಭೂಮಿಯನ್ನೇ. ಅವರು ಕಣ್ಮುಚ್ಚಿದ್ದೂ ಈ ಊರುಗಳಿರುವ ಬೆಳಗಾವಿ ಜಿಲ್ಲೆಯಲ್ಲಿಯೇ.

ಕಲ್ಪನಾ 1943ರ ಜುಲೈ 18ರಂದು ದಕ್ಷಿಣ ಕನ್ನಡದಲ್ಲಿ ಜನಿಸಿದರು. ಹೆತ್ತವರು ಇಟ್ಟ ಹೆಸರು ಶರತ್‌ಲತಾ. ಬಾಲ್ಯದಿಂದಲೂ ಅಭಿನಯದತ್ತ ಒಲವಿದ್ದ ಈ ಹುಡುಗಿಗೆ 1963ರಲ್ಲಿ ಬಿ. ಆರ್. ಪಂತುಲು ಅವರು ತಮ್ಮ 'ಸಾಕು ಮಗಳು' ಚಿತ್ರದಲ್ಲಿ ಅವಕಾಶವಿತ್ತರು. ಮುಂದಿನ ಮೂರು ನಾಲ್ಕು ವರ್ಷ ಪಾತ್ರಗಳು ದೊರೆತವು. ಆದರೆ ಅವರ ಶಕ್ತಿಗೆ ತಕ್ಕ ಪಾತ್ರ ಇನ್ನೂ ಒದಗಿರಲಿಲ್ಲ.

ಅದು ಒದಗಿದ್ದು 1967ರಲ್ಲಿ, ಪುಟ್ಟಣ್ಣ ಕಣಗಾಲ್ ಅವರು ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ 'ಬೆಳ್ಳಿಮೋಡ'ವನ್ನು ನಿರ್ದೇಶಿಸಿದಾಗ. ಮಲೆನಾಡಿನ ತೋಟದ ಒಡೆಯನಿಗೆ ಇಂದಿರಾ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲು ಒಪ್ಪಿದ್ದ ತರುಣ, ಆ ಮನೆಯಲ್ಲಿ ಗಂಡುಮಗು ಹುಟ್ಟಿ ಆಸ್ತಿ ಕೈತಪ್ಪುವುದೆಂದು ತಿಳಿದೊಡನೆ ಮಾತಿಗೆ ತಪ್ಪುತ್ತಾನೆ. ಅಪಘಾತಕ್ಕೆ ಸಿಕ್ಕಿದ ಅವನಿಗೆ ಅವಳೇ ಶುಶ್ರೂಷೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಮದುವೆಗೆ ಮುಂದಾದಾಗ ಅವಳು ನಿರಾಕರಿಸುತ್ತಾಳೆ. ನಾಯಕಿಯೆಂದರೆ ಕೊನೆಗೆ ಕ್ಷಮಿಸಿ ಕೈಹಿಡಿಯುವವಳೆಂದು ನಂಬಿದ್ದ ಪ್ರೇಕ್ಷಕರಿಗೆ ಆ ನಿರಾಕರಣೆ ಹೊಸದಾಗಿತ್ತು. ಕಲ್ಪನಾ ಅದನ್ನು ಆರ್ಭಟವಿಲ್ಲದೆ, ಕಣ್ಣುಗಳಲ್ಲೇ ಹೇಳಿದರು.

ತ್ರಿವೇಣಿಯವರ ಇನ್ನೆರಡು ಕಾದಂಬರಿಗಳೂ ಅವರಿಗೆ ಪಾತ್ರಗಳನ್ನಿತ್ತವು: 'ಹಣ್ಣೆಲೆ ಚಿಗುರಿದಾಗ' ಮತ್ತು 'ಶರಪಂಜರ'. ಆದರೆ ಲೇಖಕಿ ಈ ಅಭಿನಯವನ್ನು ಕಾಣಲಿಲ್ಲ. ಕಲ್ಪನಾ ಚಿತ್ರರಂಗಕ್ಕೆ ಕಾಲಿಟ್ಟ 1963ರಲ್ಲಿಯೇ, ಕೇವಲ 34ನೆಯ ವಯಸ್ಸಿನಲ್ಲಿ ತ್ರಿವೇಣಿ ತೀರಿಕೊಂಡಿದ್ದರು.

1971ರಲ್ಲಿ ತೆರೆಕಂಡ 'ಶರಪಂಜರ' ಕಲ್ಪನಾ ಅವರ ಅಭಿನಯದ ಶಿಖರ. ಸುಖಸಂಸಾರದ ಗೃಹಿಣಿ ಕಾವೇರಿ ಹೆರಿಗೆಯ ಬಳಿಕ ಮನೋರೋಗಕ್ಕೆ ತುತ್ತಾಗುತ್ತಾಳೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ದೊರೆತು ಸಂಪೂರ್ಣ ಗುಣಹೊಂದಿ ಮನೆಗೆ ಮರಳುತ್ತಾಳೆ. ನಿಜವಾದ ಕಷ್ಟ ತೊಡಗುವುದು ಆಮೇಲೆ. ಅವಳು ನಕ್ಕರೂ ಅನುಮಾನ, ಮೌನವಾಗಿದ್ದರೂ ಅನುಮಾನ. ನೆರೆಹೊರೆಯವರು ಪಿಸುಗುಟ್ಟುತ್ತಾರೆ, ಪತಿಯೂ ದೂರ ಸರಿಯುತ್ತಾನೆ. ರೋಗ ಅವಳನ್ನು ಬಿಟ್ಟರೂ ಜನರ ಬಾಯಿ ಬಿಡದು. ಒಂದು ಸಹಜ ನೋಟಕ್ಕಾಗಿ ಹಂಬಲಿಸುವ ಆ ಹೆಣ್ಣಿನ ತಳಮಳವನ್ನು ಕಲ್ಪನಾ ಪ್ರಕಟಿಸಿದ ರೀತಿ ಅಪೂರ್ವವಾದುದು. ಮನೋರೋಗಿಗಳನ್ನು ನಗೆಪಾಟಲು ಮಾಡುವುದೇ ವಾಡಿಕೆಯಾಗಿದ್ದ ಕಾಲದಲ್ಲಿ ಸಾವಿರಾರು ಪ್ರೇಕ್ಷಕರು ಕಾವೇರಿಗಾಗಿ ಕಣ್ಣೀರಿಟ್ಟರು. ಕಲ್ಪನಾ ಅವರಿಗೆ ರಾಜ್ಯದ ಶ್ರೇಷ್ಠ ನಟಿ ಪ್ರಶಸ್ತಿಯೂ ದೊರೆಯಿತು.

ಇದಕ್ಕೆ ಸ್ವಲ್ಪ ಮುನ್ನ ಎಂ. ಕೆ. ಇಂದಿರಾ ಅವರ ಕೃತಿಯನ್ನು ಆಧರಿಸಿದ 'ಗೆಜ್ಜೆಪೂಜೆ'ಯಲ್ಲಿ ಅವರು ಚಂದ್ರಾಳಾಗಿದ್ದರು. ಎಲ್ಲರಂತೆ ಓದಿ, ಮದುವೆಯಾಗಿ ಬಾಳಬೇಕೆಂಬ ಹುಡುಗಿಯ ಸಣ್ಣ ಆಸೆಯನ್ನು ಹುಟ್ಟಿದ ಮನೆತನದ ಕಟ್ಟುಪಾಡು ನುಂಗಿಹಾಕುವ ಕಥೆಯದು. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ರೂಢಿಯನ್ನು ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತಣ ಜನ ಕಣ್ಣಾರೆ ಕಂಡವರು. ಅವರಿಗೆ ಚಂದ್ರಾಳ ಸಂಕಟ ಅಪರಿಚಿತವಾಗಿರಲಾರದು. ಆ ರೂಢಿಯನ್ನು ನಿಷೇಧಿಸುವ ಶಾಸನ ರಾಜ್ಯದಲ್ಲಿ ಬಂದುದು 1982ರಲ್ಲಿ.

'ಗಂಧದ ಗುಡಿ', 'ಎರಡು ಕನಸು', 'ಬಯಲು ದಾರಿ' ಮೊದಲಾದ ಚಿತ್ರಗಳು ಅವರ ಜನಪ್ರಿಯತೆಯನ್ನು ಮನೆಮನೆಗೆ ಮುಟ್ಟಿಸಿದವು. ಅವರು ತೊಡುತ್ತಿದ್ದ ತುಂಬುತೋಳಿನ ಕುಪ್ಪಸವನ್ನು ಅನುಕರಿಸಿ ಹೊಲಿಸಿಕೊಂಡ ಹೆಣ್ಣುಮಕ್ಕಳು ಆಗ ಅನೇಕರು.

ಚಿತ್ರರಂಗದ ಒಲವು ಬಹುಕಾಲ ಒಬ್ಬರಲ್ಲಿ ನಿಲ್ಲುವುದಿಲ್ಲ. ಪುಟ್ಟಣ್ಣನವರು ತಮ್ಮ ಮುಂದಿನ ಚಿತ್ರಗಳಿಗೆ ಬೇರೆ ನಟಿಯರನ್ನು ಆರಿಸಿಕೊಂಡರು. ವಯಸ್ಸು ಮೂವತ್ತು ದಾಟಿದೊಡನೆ ನಾಯಕಿಯ ಪಾತ್ರಗಳು ವಿರಳವಾಗತೊಡಗಿದವು. ಅದೇ ವಯಸ್ಸಿನ, ಅದಕ್ಕೂ ಹಿರಿಯ ನಾಯಕನಟರಿಗೆ ಇಂಥ ಕಟ್ಟಳೆ ಇರಲಿಲ್ಲವೆಂಬುದು ಗಮನಾರ್ಹ. ಕೊನೆಗೆ ಅವರು ಗುಡಗೇರಿ ಬಸವರಾಜರ ನಾಟಕ ಮಂಡಳಿಯೊಡನೆ ಉತ್ತರ ಕರ್ನಾಟಕದ ಊರುಗಳಲ್ಲಿ ಸಂಚರಿಸಿ ಅಭಿನಯಿಸತೊಡಗಿದರು.

ಅದು ಹಗುರವಾದ ದುಡಿಮೆಯಲ್ಲ. ಕ್ಯಾಮರಾದ ಮುಂದೆ ತಪ್ಪಿದ ಮಾತನ್ನು ಮತ್ತೊಮ್ಮೆ ಆಡಬಹುದು. ರಂಗದ ಮೇಲೆ ಆಡಿದ ಮಾತು ಆಡಿದಂತೆಯೇ. ಮುಖ ಸಮೀಪದಿಂದ ಕಾಣುವ ತೆರೆಗಾಗಿ ಪಳಗಿದ ಸೂಕ್ಷ್ಮಾಭಿನಯ, ಬಯಲಿನ ಮಂದಿರದಲ್ಲಿ ಹಿಂದಿನ ಸಾಲಿನವರಿಗೆ ಕಾಣಿಸದು. ತೆರೆಯಲ್ಲಿ ತಾರೆಯಾಗಿದ್ದ ಕಲಾವಿದೆ ಇಲ್ಲಿ ಹೊಸಬರಂತೆ ಮತ್ತೆ ಮೊದಲಿನಿಂದ ಕಲಿಯಬೇಕಾಗಿತ್ತು.

1979ರ ಮೇ ತಿಂಗಳಲ್ಲಿ ಮಂಡಳಿಯು ಬೆಳಗಾವಿ ಜಿಲ್ಲೆಯ ಸಂಕೇಶ್ವರದಲ್ಲಿತ್ತು. ಅಲ್ಲಿಗೆ ಸಮೀಪದ ಗೋಟೂರಿನ ಪ್ರವಾಸಿ ಮಂದಿರದಲ್ಲಿ ತಂಗಿದ್ದಾಗ ಕಲ್ಪನಾ ಅಕಾಲಿಕ ಮರಣಕ್ಕೀಡಾದರು. ಸುದ್ದಿ ಕೇಳಿ ನಾಡು ದಿಗ್ಭ್ರಮೆಗೊಂಡಿತು. ಹಿಂದೆಯೇ ಮಾತುಗಳು ಹುಟ್ಟಿದವು. ಅವರ ಸಾವನ್ನು, ಸ್ವಭಾವವನ್ನು, ಖಾಸಗಿ ಬದುಕನ್ನು ಕುರಿತು ಬಲ್ಲವರೂ ಅರಿಯದವರೂ ಆಡಿದರು. ಹಲವು ವರ್ಷಗಳವರೆಗೆ ಆಡುತ್ತಲೇ ಇದ್ದರು. ಕಾವೇರಿಯ ನೆರೆಹೊರೆಯವರನ್ನು ತೆರೆಯ ಮೇಲೆ ಕಂಡು ಮರುಗಿದ್ದ ಜನರೇ ಹಾಗೆ ಆಡಿದವರಲ್ಲಿ ಸೇರಿದ್ದರು. ಕಲ್ಪನಾ ಅವರಿಗೆ ಆಗ 36 ತುಂಬಲು ಇನ್ನೂ ಎರಡು ತಿಂಗಳು ಉಳಿದಿತ್ತು.