ಅಮೀರ್‌ಬಾಯಿ ಕರ್ನಾಟಕಿ

ಅಮೀರ್‌ಬಾಯಿ ಕರ್ನಾಟಕಿ (ನಿಧನ: 3 ಮಾರ್ಚ್ 1965) ಹಿಂದಿ ಚಲನಚಿತ್ರರಂಗದ ಮೊದಲ ತಲೆಮಾರಿನ ಪ್ರಮುಖ ಹಿನ್ನೆಲೆ ಗಾಯಕಿ, ನಟಿ ಹಾಗೂ ಸಂಗೀತ ಸಂಯೋಜಕಿ. ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಜನಿಸಿದ ಇವರು 1940ರ ದಶಕದಲ್ಲಿ ಮುಂಬಯಿಯಲ್ಲಿ ಅಪಾರ ಜನಪ್ರಿಯತೆ ಗಳಿಸಿದರು. ಇವರನ್ನು 'ಕನ್ನಡ ಕೋಗಿಲೆ' ಎಂದೂ ಕರೆಯಲಾಗುತ್ತಿತ್ತು. ನಟನೆಯ ಉದ್ಯೋಗ, ಹಾಡುಗಾರಿಕೆಯ ಸಂಪಾದನೆ ಮತ್ತು ಕಷ್ಟಮಯವಾದ ದಾಂಪತ್ಯ ಇವುಗಳ ನಡುವೆ ಸಾಗಿದ ಇವರ ಬದುಕು ಆ ಕಾಲದ ಕಲಾವಿದೆಯರ ಸ್ಥಿತಿಗತಿಯನ್ನು ಅರಿಯಲು ನೆರವಾಗುತ್ತದೆ.

ಬಾಲ್ಯ ಮತ್ತು ಕುಟುಂಬ

ಅಮೀರ್‌ಬಾಯಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಗೀತ ಮತ್ತು ರಂಗಭೂಮಿಯ ನಂಟಿದ್ದ ಮುಸ್ಲಿಂ ಕುಟುಂಬದಲ್ಲಿ ಹುಟ್ಟಿದರು. ಆಗ ಬೀಳಗಿಯು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಜಮಖಂಡಿ, ಮುಧೋಳ, ಬೀಳಗಿ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತ, ಬಯಲಾಟಗಳಿಗೆ ಹಳೆಯ ಪರಂಪರೆಯಿತ್ತು. ಕನ್ನಡ ಮತ್ತು ಮರಾಠಿ ನಾಟಕ ಕಂಪನಿಗಳೂ ಈ ಭಾಗದಲ್ಲಿ ಸಂಚರಿಸುತ್ತಿದ್ದವು. ಇಂಥ ಕುಟುಂಬಗಳಲ್ಲಿ ಹಾಡುಗಾರಿಕೆ ಕೇವಲ ಹವ್ಯಾಸವಾಗಿರದೆ ಮನೆಯ ಅನ್ನದ ದಾರಿಯೂ ಆಗಿತ್ತು. ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಪ್ರಸಿದ್ಧ ನಟ ಬಾಲಗಂಧರ್ವರ ಜೊತೆ ಅಭಿನಯಿಸಿ ಹೆಸರಾದರು ಮತ್ತು ಮುಂದೆ ಅವರ ಬಾಳಸಂಗಾತಿಯಾದರು.

ಮುಂಬಯಿಯಲ್ಲಿ ವೃತ್ತಿಜೀವನ

ಎಳೆಯ ವಯಸ್ಸಿನಲ್ಲೇ ಮುಂಬಯಿ ಸೇರಿದ ಅಮೀರ್‌ಬಾಯಿ ಗ್ರಾಮಾಫೋನ್ ಕಂಪನಿಗಾಗಿ ಹಾಡಿದ ಕವ್ವಾಲಿಯಿಂದ ಮೊದಲು ಗುರುತಿಸಲ್ಪಟ್ಟರು. 1934ರ 'ವಿಷ್ಣು ಭಕ್ತಿ' ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಅಂದಿನ ಸ್ಟುಡಿಯೊಗಳಲ್ಲಿ ಅನೇಕ ಕಲಾವಿದರು ಮಾಸಿಕ ಸಂಬಳಕ್ಕೆ ದುಡಿಯುತ್ತಿದ್ದರು, ನಟಿಯರು ತಮ್ಮ ಹಾಡುಗಳನ್ನು ತಾವೇ ಹಾಡಬೇಕಾಗಿತ್ತು. ಹೀಗಾಗಿ ಮೊದಲ ವರ್ಷಗಳಲ್ಲಿ ಅವರ ಕಂಠವು ನಟನೆಯ ಉದ್ಯೋಗದ ಒಂದು ಭಾಗವಾಗಿತ್ತು.

ಹಿನ್ನೆಲೆ ಗಾಯನ ಪದ್ಧತಿ ನೆಲೆಗೊಂಡ ಮೇಲೆ ಈ ಸ್ಥಿತಿ ಬದಲಾಯಿತು. ಬಾಂಬೆ ಟಾಕೀಸ್ ಸಂಸ್ಥೆಯ 'ಕಿಸ್ಮತ್' (1943) ಚಿತ್ರದಲ್ಲಿ ಅನಿಲ್ ಬಿಸ್ವಾಸ್ ಅವರ ಸಂಗೀತ ನಿರ್ದೇಶನದಲ್ಲಿ, ನಾಯಕಿ ಮುಮ್ತಾಜ್ ಶಾಂತಿಗಾಗಿ ಹಾಡಿದ ಗೀತೆಗಳು ಅವರನ್ನು ಮನೆಮಾತಾಗಿಸಿದವು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ತೆರೆಕಂಡ ಈ ಚಿತ್ರದ ದೇಶಭಕ್ತಿ ಗೀತೆಯಲ್ಲಿಯೂ ಅವರ ದನಿಯಿದೆ. ಚಿತ್ರವು ಕಲ್ಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. 'ಭರ್ತೃಹರಿ' (1944), 'ಸಿಂದೂರ್' (1947), 'ಶೆಹನಾಯಿ' (1947) ಅವರ ಇತರ ಪ್ರಮುಖ ಚಿತ್ರಗಳು. 1948ರಲ್ಲಿ 'ಶಹನಾಜ್' ಚಿತ್ರಕ್ಕೆ ಸಂಗೀತ ನೀಡಿ, ಸಂಯೋಜನೆಗಿಳಿದ ಕೆಲವೇ ಮಹಿಳೆಯರ ಸಾಲಿಗೆ ಸೇರಿದರು.

ಆ ಕಾಲದ ಗಾಯಕರಿಗೆ ಹಾಡೊಂದಕ್ಕೆ ಒಮ್ಮೆ ಮಾತ್ರ ಸಂಭಾವನೆ ಸಿಗುತ್ತಿತ್ತು. ಧ್ವನಿಮುದ್ರಿಕೆ ಎಷ್ಟು ಮಾರಾಟವಾದರೂ ಅದರ ಲಾಭದಲ್ಲಿ ಪಾಲಿರುತ್ತಿರಲಿಲ್ಲ. ಅನೇಕ ತಟ್ಟೆಗಳ ಮೇಲೆ ಗಾಯಕಿಯ ಬದಲು ಚಿತ್ರದ ಪಾತ್ರದ ಹೆಸರನ್ನೇ ಅಚ್ಚುಹಾಕುತ್ತಿದ್ದರು. ಇಂಥ ವ್ಯವಸ್ಥೆಯಲ್ಲಿಯೂ ಅಮೀರ್‌ಬಾಯಿ ಹೆಸರು ಗಳಿಸಿದರು. ಹೆಸರಿನ ಮುಂದಿನ 'ಕರ್ನಾಟಕಿ' ಎಂಬ ಗುರುತು, ಏಕೀಕರಣಕ್ಕೆ ಮುಂಚೆಯೇ ಅವರ ನಾಡನ್ನು ಹಿಂದಿ ಶ್ರೋತೃಗಳಿಗೆ ಪರಿಚಯಿಸಿತು.

ದಾಂಪತ್ಯ

ಅಮೀರ್‌ಬಾಯಿ ಖಳನಟ ಹಿಮಾಲಯವಾಲಾ ಅವರನ್ನು ವಿವಾಹವಾದರು. ಪತಿಯಿಂದ ಅವರು ದೈಹಿಕ ಹಿಂಸೆ ಅನುಭವಿಸಿದರೆಂದೂ ಅವರ ಗಳಿಕೆ ಪತಿಯ ಹಿಡಿತದಲ್ಲಿತ್ತೆಂದೂ ಅವರ ಬದುಕನ್ನು ಕುರಿತ ಬರಹಗಳು ತಿಳಿಸುತ್ತವೆ. ಹೊರಗೆ ಕೀರ್ತಿ ಏರುತ್ತಿದ್ದ ಕಾಲದಲ್ಲೇ ಮನೆಯೊಳಗೆ ತಮ್ಮ ದುಡಿಮೆಯ ಮೇಲಿನ ಹಕ್ಕಿಗಾಗಿ ಅವರು ಸೆಣಸಬೇಕಾಯಿತು. ಕೊನೆಗೆ ವಿಚ್ಛೇದನ ಪಡೆದು ವೃತ್ತಿಯನ್ನು ಮುಂದುವರಿಸಿದರು. ದೇಶ ವಿಭಜನೆಯ ಬಳಿಕ ಹಿಮಾಲಯವಾಲಾ ಪಾಕಿಸ್ತಾನಕ್ಕೆ ತೆರಳಿ ಅಲ್ಲಿನ ಚಿತ್ರಗಳಲ್ಲಿ ನಟಿಸಿದರು. ಅಮೀರ್‌ಬಾಯಿ ಮುಂದೆ 'ಪಾರಸ್' ಪತ್ರಿಕೆಯ ಸಂಪಾದಕ ಬದ್ರಿ ಕಾಂಚವಾಲಾ ಅವರನ್ನು ಮದುವೆಯಾದರು.

ಕೊನೆಯ ವರ್ಷಗಳು

1940ರ ದಶಕದ ಕೊನೆಗೆ ಲತಾ ಮಂಗೇಶ್ಕರ್ ಅವರ ಉದಯದೊಂದಿಗೆ ಚಿತ್ರಗೀತೆಯ ಅಭಿರುಚಿ ಬದಲಾಯಿತು. ತುಂಬುಕಂಠದ ಹಿಂದಿನ ಗಾಯಕಿಯರಿಗೆ ಅವಕಾಶಗಳು ಕಡಿಮೆಯಾದವು. 'ಸಮಾಧಿ' (1950) ಚಿತ್ರದಲ್ಲಿ ಅಮೀರ್‌ಬಾಯಿ ಲತಾ ಅವರೊಂದಿಗೆ ಹಾಡಿದ ಯುಗಳಗೀತೆ ಬಹು ಜನಪ್ರಿಯವಾಯಿತು. ಹಾಡಿನ ಸಂಪಾದನೆ ಇಳಿದಾಗ ಅವರು ಪೋಷಕ ಪಾತ್ರಗಳತ್ತ ಹೊರಳಿದರು. ಒಮ್ಮೆ ಗಾಯನದ ನೆರಳಿಗೆ ಸರಿದಿದ್ದ ನಟನೆಯೇ ಮತ್ತೆ ಅವರ ಜೀವನಾಧಾರವಾಯಿತು. ಪಾರ್ಶ್ವವಾಯುವಿಗೆ ತುತ್ತಾಗಿ 1965ರ ಮಾರ್ಚ್ 3ರಂದು ನಿಧನ ಹೊಂದಿದರು.

ನೆನಪು

ವಿಜಯಪುರದ ಅಮೀರ್ ಟಾಕೀಸ್ ಚಿತ್ರಮಂದಿರವು ಅವರ ಹೆಸರನ್ನು ಉಳಿಸಿದೆ. ಲೇಖಕ ರಹಮತ್ ತರೀಕೆರೆ ಅವರ ಜೀವನವನ್ನು ಕುರಿತು ಕನ್ನಡದಲ್ಲಿ ಪುಸ್ತಕ ರಚಿಸಿದ್ದಾರೆ.