ತಡೆದ ಗೋಲುಗಳಿಗೆ ಲೆಕ್ಕವಿಲ್ಲ

ಗೋಲು ಹೊಡೆದವನ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಆಗಬಹುದಾಗಿದ್ದ ಗೋಲನ್ನು ತಪ್ಪಿಸಿದವನ ಹೆಸರಿಗೆ ಅಲ್ಲಿ ಜಾಗವಿಲ್ಲ. ಐಸ್ ಹಾಕಿಯಲ್ಲಿ ಈ ತಾರತಮ್ಯ ಹೆಚ್ಚಾಗಿ ತಟ್ಟುವುದು ‘ಸೆಂಟರ್’ ಆಟಗಾರನಿಗೆ. ಮೂವರು ಮುಂಚೂಣಿ ಆಟಗಾರರ ಮಧ್ಯದಲ್ಲಿರುವ ಆತ ದಾಳಿಯನ್ನೂ ಕಟ್ಟಬೇಕು, ಎದುರಾಳಿಯ ದಾಳಿಗೆ ಮೊದಲ ತಡೆಯೂ ಆಗಬೇಕು. ಇವೆರಡರಲ್ಲಿ ಯಾವುದು ಮೇಲು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಕೆನಡಾದ ಫ್ರಾಂಕ್ ನೈಬರ್ ಅವರ ಬದುಕಿನಲ್ಲಿ ಅದಕ್ಕೊಂದು ಉತ್ತರವಿದೆ.

ನೈಬರ್ ಹುಟ್ಟಿದ್ದು 1893ರಲ್ಲಿ, ಒಂಟಾರಿಯೊ ಪ್ರಾಂತ್ಯದ ಪೆಂಬ್ರೋಕ್ ಪಟ್ಟಣದಲ್ಲಿ. 1915ರಲ್ಲಿ ವ್ಯಾಂಕೂವರ್ ತಂಡದ ಪರವಾಗಿ ಆಡಿ, ಒಟ್ಟಾವ ತಂಡವನ್ನು ಮಣಿಸಿ ಸ್ಟ್ಯಾನ್ಲಿ ಕಪ್ ಗೆದ್ದರು. ಅದೇ ವರ್ಷ ತಾವು ಸೋಲಿಸಿದ್ದ ಒಟ್ಟಾವ ತಂಡವನ್ನೇ ಸೇರಿದರು. ಅವರು ಗೋಲು ಹೊಡೆಯಲು ಬಾರದೆ ರಕ್ಷಣೆಗೆ ಇಳಿದವರಲ್ಲ. 1916-17ರ ಋತುವಿನಲ್ಲಿ 19 ಪಂದ್ಯಗಳಲ್ಲಿ 41 ಗೋಲು ಗಳಿಸಿ, ಆ ಕಾಲದ ಮಹಾನ್ ದಾಳಿಕಾರ ಜೋ ಮಲೋನ್ ಅವರಿಗೆ ಸರಿಸಮನಾಗಿ ನಿಂತಿದ್ದರು.

ಆದರೂ ಅವರ ಕೀರ್ತಿ ನಿಂತಿದ್ದು ಬೇರೊಂದು ವಿದ್ಯೆಯ ಮೇಲೆ. ಎದುರಾಳಿಯ ಮೈಮೇಲೆ ಬೀಳದೆ, ಕೋಲನ್ನು ಮಂಜಿನ ಮೇಲೆ ಚಾಚಿ ‘ಪಕ್’ ಅನ್ನು ಮಾತ್ರ ಕಸಿದುಕೊಳ್ಳುವ ಕಲೆ ಅದು. ಅಂದಿನ ನಿಯಮಗಳು ಈ ಕಲೆಯ ಬೆಲೆಯನ್ನು ಹೆಚ್ಚಿಸಿದ್ದವು. ಎದುರಾಳಿಯ ವಲಯದಲ್ಲಿ ಪಕ್ ಅನ್ನು ಮುಂದಕ್ಕೆ ಪಾಸ್ ಮಾಡಲು 1929ರವರೆಗೆ ಅವಕಾಶವಿರಲಿಲ್ಲ. ದಾಳಿಕಾರ ಅದನ್ನು ತಾನೇ ಹೊತ್ತು ನುಗ್ಗಬೇಕಿತ್ತು. ಅವನ ಕೋಲಿನಿಂದ ಪಕ್ ಕಸಿದರೆ ದಾಳಿ ಅಲ್ಲಿಗೇ ಮುಗಿಯುತ್ತಿತ್ತು. ಆ ಕ್ಷಣದಿಂದಲೇ ಪ್ರತಿದಾಳಿ ಆರಂಭವಾಗುತ್ತಿತ್ತು. ನೈಬರ್ ಪಾಲಿಗೆ ರಕ್ಷಣೆ ದಾಳಿಯ ಮೊದಲ ಹೆಜ್ಜೆಯಾಗಿತ್ತು.

ಒಟ್ಟಾವ 1920, 1921, 1923 ಮತ್ತು 1927ರಲ್ಲಿ ಸ್ಟ್ಯಾನ್ಲಿ ಕಪ್ ಗೆದ್ದಾಗ ನೈಬರ್ ಆ ತಂಡದಲ್ಲಿದ್ದರು. ತಂಡಕ್ಕೆ ಅತ್ಯಂತ ಮೌಲ್ಯಯುತನಾದ ಆಟಗಾರನಿಗೆ ನೀಡುವ ಹಾರ್ಟ್ ಟ್ರೋಫಿ 1924ರಲ್ಲಿ ಮೊದಲ ಬಾರಿಗೆ ಸಂದಿದ್ದು ಅವರಿಗೆ. ಮರುವರ್ಷ ಕೆನಡಾದ ಗವರ್ನರ್ ಜನರಲ್ ಅವರ ಪತ್ನಿ ಲೇಡಿ ಬಿಂಗ್, ಸಭ್ಯ ಆಟಕ್ಕಾಗಿ ಸ್ಥಾಪಿಸಿದ ಟ್ರೋಫಿಯ ಮೊದಲ ವಿಜೇತರೂ ಅವರೇ. ಹೊಡೆದಾಟ ಸಾಮಾನ್ಯವಾಗಿದ್ದ ಕ್ರೀಡೆಯಲ್ಲಿ, ಅದೂ ಎದುರಾಳಿಯನ್ನು ತಡೆಯುವುದೇ ಕಾಯಕವಾಗಿದ್ದವರಿಗೆ ಸಭ್ಯತೆಯ ಗೌರವ ಸಂದಿತು ಎಂಬುದು ಗಮನಾರ್ಹ.

ಅದೇ ದಶಕದಲ್ಲಿ ಮಾಂಟ್ರಿಯಲ್‌ನಲ್ಲಿ ಹೋವಿ ಮೊರೆಂಜ್ ಎಂಬ ಸೆಂಟರ್ ಮಿಂಚಿದರು. ವೇಗವೇ ಅವರ ಅಸ್ತ್ರ. ಮೂರು ಬಾರಿ ಹಾರ್ಟ್ ಟ್ರೋಫಿ ಪಡೆದ ಅವರು, ಪಂದ್ಯವೊಂದರಲ್ಲಿ ಕಾಲು ಮುರಿದುಕೊಂಡು 1937ರಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ, ತಾವು ಆಡಿದ ಕ್ರೀಡಾಂಗಣದಲ್ಲೇ ಸಾವಿರಾರು ಜನರಿಂದ ಅಂತಿಮ ನಮನ ಪಡೆದರು. ಮೊರೆಂಜ್ ದಂತಕಥೆಯಾದರು. 1947ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರ್ಪಡೆಯಾದರೂ, 1966ರಲ್ಲಿ ನಿಧನರಾದ ನೈಬರ್ ಅವರ ಹೆಸರು ಕ್ರಮೇಣ ಇತಿಹಾಸದ ಆಸಕ್ತರಿಗಷ್ಟೇ ಸೀಮಿತವಾಯಿತು.

ರಕ್ಷಣೆಯಲ್ಲಿ ಶ್ರೇಷ್ಠನೆನಿಸಿದ ಮುಂಚೂಣಿ ಆಟಗಾರನಿಗೆಂದೇ ಸೆಲ್ಕಿ ಟ್ರೋಫಿ ಬಂದದ್ದು 1978ರಲ್ಲಿ. ಆದರೆ ನೈಬರ್ ಅವರಿಗೆ ಇಂಥ ಪ್ರತ್ಯೇಕ ಪಂಕ್ತಿ ಬೇಕಾಗಿರಲಿಲ್ಲ; ಅವರ ಕಾಲ ಅವರನ್ನು ಎಲ್ಲರಿಗಿಂತ ಮೌಲ್ಯಯುತ ಆಟಗಾರನೆಂದೇ ಗುರುತಿಸಿತ್ತು. ಅಂಕಿಗಳು ಕಂಡದ್ದನ್ನು ಮಾತ್ರ ಎಣಿಸುತ್ತವೆ. ಘಟಿಸದಂತೆ ತಡೆದದ್ದನ್ನೂ ಗಣನೆಗೆ ತೆಗೆದುಕೊಳ್ಳುವುದು ನೋಡುವವರ ವಿವೇಕಕ್ಕೆ ಬಿಟ್ಟದ್ದು.